ಚೆನ್ನೈನ ಅರ್ಮೇನಿಯನ್ ಚರ್ಚ್: ದೇಶ ಕಳೆದುಕೊಂಡವರು ಕಟ್ಟಿದ್ದು

ಚೆನ್ನೈ ಹೈಕೋರ್ಟಿನ ಆಸುಪಾಸಿನಲ್ಲಿ, ನಡೆದುಕೊಂಡೇ ಹೋಗಬಹುದಾದಷ್ಟು ಹತ್ತಿರದಲ್ಲಿ, ಮೇರಿ ಮಾತೆಯ ಹೆಸರಿನ ಮೂರು ಚರ್ಚುಗಳಿವೆ. ಕೋಟೆಯೊಳಗಿನದು ಇಂಗ್ಲಿಷರದು, 1680ರದು. ಜಾರ್ಜ್ ಟೌನಿನ ಅರ್ಮೇನಿಯನ್ ಬೀದಿಯಲ್ಲಿರುವ ದೊಡ್ಡ ಚರ್ಚು ಕ್ಯಾಥೊಲಿಕರದು. ಮಂಗಳವಾರ ಅಲ್ಲಿ ಸಂತ ಅಂತೋಣಿಯವರಿಗೆ ಹರಕೆ ಹೊತ್ತವರ ನೂಕುನುಗ್ಗಲು. ಮೂರನೆಯದು ಅದೇ ಬೀದಿಯಲ್ಲಿ, ಬಿಳಿ ಗೋಡೆಯ ಹಿಂದೆ, ದಪ್ಪ ಮರದ ಬಾಗಿಲಿನೊಳಗೆ ಇದೆ. ಬೀದಿಗೆ ಹೆಸರು ತಂದುಕೊಟ್ಟ ಅರ್ಮೇನಿಯನ್ನರ ಚರ್ಚು ಇದು. ಆದರೂ ಬೀದಿಯ ಹೆಸರು ಹೇಳಿ ಚರ್ಚಿಗೆ ದಾರಿ ಕೇಳಿದರೆ ಕ್ಯಾಥೊಲಿಕ್ ಚರ್ಚಿನ ಮುಂದೆ ಹೋಗಿ ನಿಲ್ಲುವ ಸಂಭವವೇ ಹೆಚ್ಚು.

ಒಳಗೆ ಹೋದವರಿಗೆ ಮೊದಲು ಆಗುವುದು ಗೊಂದಲ. ಅಂಗಳವಿದೆ, ದೇವಕಣಗಿಲೆ ಮರಗಳಿವೆ, ನೆಲದ ತುಂಬ ಯಾವ ಭಾರತೀಯ ಲಿಪಿಯನ್ನೂ ಹೋಲದ, ಇಂಗ್ಲಿಷನ್ನೂ ಹೋಲದ ಅಕ್ಷರಗಳ ಕಲ್ಲುಗಳಿವೆ. ಪೂಜಾಪೀಠವಿದೆ, ಗಂಟೆಗಳಿವೆ. ಭಕ್ತರಿಲ್ಲ. ಚೆನ್ನೈನಲ್ಲಿ ಈ ಚರ್ಚಿನ ಸಮುದಾಯವೇ ಉಳಿದಿಲ್ಲ. ಕಟ್ಟಡವನ್ನು ನೋಡಿಕೊಳ್ಳುತ್ತಿರುವುದು ಕೋಲ್ಕತ್ತದ ಅರ್ಮೇನಿಯನ್ ಚರ್ಚ್ ಸಮಿತಿ. ಬ್ರಿಟಿಷರ ಕಾಲದ ಇನ್ನೊಂದು ಹಳೆಯ ಕಟ್ಟಡ ಎಂದುಕೊಂಡು ನಾಲ್ಕು ಫೋಟೊ ತೆಗೆದು ಹೊರಬರುವುದು ಸುಲಭ. ಹಾಗೆ ಬರುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಇದನ್ನು ಕಟ್ಟಿದವರಿಗೆ ಆಗ ಜಗತ್ತಿನ ಎಲ್ಲೂ ಸ್ವಂತ ರಾಜ್ಯವಿರಲಿಲ್ಲ. ಅವರ ಕೊನೆಯ ರಾಜ್ಯ, ಮೆಡಿಟರೇನಿಯನ್ ಕರಾವಳಿಯ ಸಿಲಿಷಿಯಾ, 1375ರಲ್ಲೇ ಬಿದ್ದುಹೋಗಿತ್ತು. ಮುಂದಿನ ಅರ್ಮೇನಿಯಾ ದೇಶ ಹುಟ್ಟಿದ್ದು 1918ರಲ್ಲಿ. ನಡುವಿನ ಐದು ಶತಮಾನಗಳಿಗೂ ಹೆಚ್ಚು ಕಾಲ ಒಂದು ಜನಾಂಗವನ್ನು ಒಟ್ಟಿಗೆ ಹಿಡಿದಿಟ್ಟದ್ದು ಚರ್ಚು, ಲಿಪಿ ಮತ್ತು ವ್ಯಾಪಾರದ ನಂಬಿಕೆ. ಮದ್ರಾಸಿನ ಈ ಅಂಗಳದಲ್ಲಿ ಮೂರೂ ಸಿಗುತ್ತವೆ.

ಕಥೆ ಶುರುವಾಗುವುದು ಇರಾನಿನ ಗಡಿಯಲ್ಲಿ. ಅರಸ್ ನದಿಯ ದಡದಲ್ಲಿ ಜುಲ್ಫಾ ಎಂಬ ಊರಿತ್ತು. ಅಲ್ಲಿನ ಅರ್ಮೇನಿಯನ್ನರು ರೇಷ್ಮೆ ವ್ಯಾಪಾರದಲ್ಲಿ ಪಳಗಿದವರು. ಒಟ್ಟೊಮನ್ ತುರ್ಕರ ವಿರುದ್ಧ ಯುದ್ಧ ಮಾಡುತ್ತಿದ್ದ ಪರ್ಷಿಯಾದ ಷಾ ಅಬ್ಬಾಸ್ 1604-05ರಲ್ಲಿ ಆ ಊರಿನವರನ್ನೆಲ್ಲ ಬಲವಂತವಾಗಿ ಎಬ್ಬಿಸಿ ತನ್ನ ರಾಜಧಾನಿ ಇಸ್ಫಹಾನಿಗೆ ಸಾಗಿಸಿದ. ದಾರಿಯಲ್ಲಿ ಸತ್ತವರು ಬಹಳ. ಬದುಕಿ ಬಂದವರಿಗೆ ಜಾಯಂದೆ ನದಿಯ ಆಚೆ ದಡದಲ್ಲಿ ಜಾಗ ಕೊಟ್ಟ. ಹಳೆಯ ಊರಿನ ನೆನಪಿಗೆ ಅವರು ಅದನ್ನು ಹೊಸ ಜುಲ್ಫಾ ಎಂದು ಕರೆದರು. ಷಾ ಅವರ ಧರ್ಮಕ್ಕೆ ಅಡ್ಡಿ ಮಾಡಲಿಲ್ಲ, ರೇಷ್ಮೆ ವ್ಯಾಪಾರದಲ್ಲಿ ವಿಶೇಷ ಸೌಲಭ್ಯವನ್ನೂ ಕೊಟ್ಟ, ಏಕೆಂದರೆ ಆ ರೇಷ್ಮೆಯಿಂದ ಬರುವ ಬೆಳ್ಳಿ ಅವನ ಬೊಕ್ಕಸಕ್ಕೆ ಬೇಕಿತ್ತು. ಅಲ್ಲಿಂದ ಒಂದೇ ಶತಮಾನದಲ್ಲಿ ಜುಲ್ಫಾದವರ ಕೈ ಆಮ್‌ಸ್ಟರ್‌ಡ್ಯಾಂ, ವೆನಿಸ್‌ಗಳಿಂದ ಹಿಡಿದು ಸೂರತ್, ಮದ್ರಾಸ್, ಮನಿಲಾದವರೆಗೆ ಚಾಚಿತು.

ಸೈನ್ಯವಿಲ್ಲದೆ, ತಮ್ಮದೇ ಬಾವುಟದ ಹಡಗುಪಡೆಯಿಲ್ಲದೆ ಇದು ಹೇಗೆ ಸಾಧ್ಯವಾಯಿತು ಎಂಬುದನ್ನು ತುಸು ನಿಧಾನವಾಗಿ ನೋಡಬೇಕು. ಈ ಚರ್ಚು ಮದ್ರಾಸಿನಲ್ಲಿ ಏಕಿದೆ ಎಂಬುದಕ್ಕೆ ಉತ್ತರ ಅಲ್ಲೇ ಇದೆ. ಹೊಸ ಜುಲ್ಫಾದಲ್ಲಿ ಕುಳಿತ ಸಾಹುಕಾರನನ್ನು ಖೋಜಾ ಎನ್ನುತ್ತಿದ್ದರು. ಅವನು ಒಬ್ಬ ಚುರುಕಾದ ತರುಣನಿಗೆ ಬಂಡವಾಳ ಕೊಟ್ಟು ದೂರದೇಶಕ್ಕೆ ಕಳಿಸುತ್ತಿದ್ದ. ತರುಣ ಹಣ ಹಾಕುತ್ತಿರಲಿಲ್ಲ, ಅವನದೇನಿದ್ದರೂ ದುಡಿಮೆ. ವರ್ಷಗಟ್ಟಲೆ ಸುತ್ತಿ, ಕೊಂಡು, ಮಾರಿ, ಮತ್ತೆ ಕೊಂಡು, ಕೊನೆಗೆ ಊರಿಗೆ ಮರಳಿ ಲೆಕ್ಕ ಒಪ್ಪಿಸಬೇಕು. ಲಾಭದಲ್ಲಿ ಸಾಮಾನ್ಯವಾಗಿ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಅವನದು, ಉಳಿದದ್ದು ಖೋಜಾನದು. ಹೊವಾನ್ನೆಸ್ ಎಂಬ ಹೀಗೊಬ್ಬ ಏಜೆಂಟ್ 1682ರಲ್ಲಿ ಜುಲ್ಫಾ ಬಿಟ್ಟು ಭಾರತಕ್ಕೆ ಬಂದು, ನೇಪಾಳ ದಾಟಿ ಲ್ಹಾಸಾದಲ್ಲಿ ವರ್ಷಗಳ ಕಾಲ ನೆಲೆಸಿ, ಪ್ರತಿ ವ್ಯವಹಾರವನ್ನೂ ಬರೆದಿಟ್ಟ. ಆ ಲೆಕ್ಕದ ಪುಸ್ತಕ ಇಂದಿಗೂ ಉಳಿದಿದೆ.

ಇಲ್ಲಿ ಏಳುವ ಪ್ರಶ್ನೆ ಸರಳ. ಅಷ್ಟು ದೂರ ಹೋದವನು ಹಣದೊಂದಿಗೆ ಮಾಯವಾದರೆ? ಹಿಡಿದು ತರಲು ಅವರಿಗೆ ಪೊಲೀಸರಿಲ್ಲ, ಸರ್ಕಾರವಿಲ್ಲ. ಆದರೆ ಅವನ ಹೆಂಡತಿ ಮಕ್ಕಳು ಜುಲ್ಫಾದಲ್ಲೇ ಇರುತ್ತಿದ್ದರು. ಅವನು ಹೋದ ಪ್ರತಿ ಬಂದರಿನಲ್ಲೂ ಜುಲ್ಫಾದವರೇ ಇರುತ್ತಿದ್ದರು, ಕಾಗದಗಳು ಓಡಾಡುತ್ತಿದ್ದವು. ಒಬ್ಬ ಮೋಸ ಮಾಡಿದ ಸುದ್ದಿ ಅವನಿಗಿಂತ ಮೊದಲೇ ಮುಂದಿನ ಊರು ಮುಟ್ಟಿದರೆ ಅಲ್ಲಿ ಅವನಿಗೆ ಸಾಲವಿಲ್ಲ, ಸರಕಿಲ್ಲ, ಮಗಳಿಗೆ ಗಂಡಿಲ್ಲ. ತಕರಾರುಗಳನ್ನು ವ್ಯಾಪಾರಿಗಳ ಸಭೆ ತೀರ್ಮಾನಿಸುತ್ತಿತ್ತು. ಇಂಥ ವ್ಯವಸ್ಥೆಗೆ ಎಲ್ಲರೂ ಸೇರುವ, ಎಲ್ಲರೂ ಎಲ್ಲರನ್ನೂ ಬಲ್ಲ ಒಂದು ಜಾಗ ಪ್ರತಿ ಊರಿನಲ್ಲೂ ಬೇಕು. ಅದು ಚರ್ಚು. ಭಾರತದ ಅರ್ಮೇನಿಯನ್ ಚರ್ಚುಗಳು ಹೊಸ ಜುಲ್ಫಾದ ಧರ್ಮಪ್ರಾಂತಕ್ಕೇ ಸೇರಿದ್ದವು; ಪಾದ್ರಿಗಳು ಅಲ್ಲಿಂದ ಬರುತ್ತಿದ್ದರು, ಸತ್ತವರ ಉಯಿಲಿನಲ್ಲಿ ಬರೆದ ದಾನದ ಹಣ ಇಲ್ಲಿಂದ ಅಲ್ಲಿಗೆ ಹೋಗುತ್ತಿತ್ತು.

ಇಂಗ್ಲಿಷರು ಈ ಬಲವನ್ನು ಬೇಗ ಗುರುತಿಸಿದರು. 1688ರ ಜೂನ್ 22ರಂದು ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿ ಖೋಜಾ ಫಾನೂಸ್ ಕಲಂದರ್ ಎಂಬ ಜುಲ್ಫಾ ವ್ಯಾಪಾರಿಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಅದರ ಜೊತೆಗೇ ಬಂದ ಒಂದು ಭರವಸೆ ಕುತೂಹಲದ್ದು: ಕಂಪನಿಯ ಯಾವುದೇ ಊರಿನಲ್ಲಿ ನಲವತ್ತು ಅರ್ಮೇನಿಯನ್ನರು ನೆಲೆಸಿದರೆ ಅವರಿಗೆ ಚರ್ಚಿಗೆ ಜಾಗ ಕೊಟ್ಟು, ಮೊದಲಿಗೆ ಮರದ ಚರ್ಚನ್ನು ಕಂಪನಿಯೇ ಕಟ್ಟಿಸಿ, ಪಾದ್ರಿಗೆ ಏಳು ವರ್ಷ ವರ್ಷಕ್ಕೆ 50 ಪೌಂಡ್ ಕೊಡುವುದು. ಲಾಭವನ್ನೇ ಎಣಿಸುವ ಕಂಪನಿಯೊಂದು ಬೇರೆ ಪಂಥದ ಚರ್ಚಿಗೆ ಖರ್ಚು ಮಾಡಲು ಒಪ್ಪಿತೆಂದರೆ, ಚರ್ಚು ಬಂದ ಕಡೆ ಜುಲ್ಫಾದ ಬಂಡವಾಳ ಬರುತ್ತದೆಂದು ಅದಕ್ಕೆ ಗೊತ್ತಿತ್ತು ಎಂದೇ ನಾನು ಓದುತ್ತೇನೆ.

ಮದ್ರಾಸಿನಲ್ಲಿ ಮೊದಲ ಅರ್ಮೇನಿಯನ್ ಚರ್ಚು ಎದ್ದದ್ದು 1712ರಲ್ಲಿ, ಈಗಿನ ಜಾಗದಲ್ಲಲ್ಲ, ಕೋಟೆಗೆ ಇನ್ನೂ ಹತ್ತಿರದಲ್ಲಿ. 1746ರಲ್ಲಿ ಫ್ರೆಂಚರು ಮದ್ರಾಸನ್ನು ಹಿಡಿದರು. ಆ ಯುದ್ಧದ ವರ್ಷಗಳಲ್ಲಿ ಹಳೆಯ ಚರ್ಚು ಹೋಯಿತು. ಊರು ಇಂಗ್ಲಿಷರ ಕೈಗೆ ಮರಳಿದ ಮೇಲೂ ಅರ್ಮೇನಿಯನ್ನರ ಮೇಲೆ ಅನುಮಾನದ ಕಣ್ಣು ಬಿತ್ತು, ಬಿಳಿಯರ ಪೇಟೆಯಲ್ಲಿ ಮನೆ ಮಾಡುವುದಕ್ಕೆ ನಿರ್ಬಂಧ ಬಂತು. ಅತ್ತ ಜುಲ್ಫಾದಲ್ಲೂ ಸುಖವಿರಲಿಲ್ಲ. 1722ರಲ್ಲಿ ಆಫ್ಘನ್ನರ ದಾಳಿ, 1740ರ ದಶಕದಲ್ಲಿ ನಾದಿರ್ ಷಾನ ಸುಲಿಗೆ. ಸಾಹುಕಾರ ಮನೆತನಗಳು ಊರು ಬಿಟ್ಟವು. ಹಾಗೆ ಮದ್ರಾಸಿಗೆ ಬಂದು ನೆಲೆಸಿದವರಲ್ಲಿ 1723ರಲ್ಲಿ ಹೊಸ ಜುಲ್ಫಾದಲ್ಲಿ ಹುಟ್ಟಿದ ಶಹಮೀರ್ ಶಹಮೀರಿಯನ್ ಒಬ್ಬ. ಈಗ ನಾವು ನೋಡುವ ಚರ್ಚು ಎದ್ದ 1772ನೆಯ ಇಸವಿಯಲ್ಲೇ ಅವನ ಹೆಸರಿನ ಇನ್ನೊಂದು ಕೆಲಸವೂ ಇದೆ. ಅದನ್ನು ಮುಂದೆ ಹೇಳುತ್ತೇನೆ.

ಈಗ ಒಳಗೆ ಹೋಗೋಣ. ಪೂಜಾಪೀಠವನ್ನು ಗಮನಿಸಿ. ನೆಲಕ್ಕಿಂತ ಎತ್ತರದ ವೇದಿಕೆಯ ಮೇಲೆ ಅದು ಇರುತ್ತದೆ. ಅರ್ಮೇನಿಯನ್ ಚರ್ಚುಗಳೆಲ್ಲದರ ಗುರುತು ಅದು. ಗ್ರೀಕ್ ಅಥವಾ ರಷ್ಯನ್ ಆರ್ಥೊಡಾಕ್ಸ್ ಚರ್ಚುಗಳಲ್ಲಿ ಪೀಠಕ್ಕೂ ಭಕ್ತರಿಗೂ ನಡುವೆ ಸಂತರ ಚಿತ್ರಗಳ ಗೋಡೆ ನಿಂತಿರುತ್ತದೆ. ಇಲ್ಲಿ ಗೋಡೆಯಿಲ್ಲ. ಅರ್ಮೇನಿಯನ್ನರು ಪರದೆ ಬಳಸುತ್ತಾರೆ. ಪೂಜೆಯ ಕೆಲವು ಗಳಿಗೆಗಳಲ್ಲಿ ಅದನ್ನು ಎಳೆಯುತ್ತಾರೆ, ಈಸ್ಟರಿಗೆ ಮುಂಚಿನ ತಪಸ್ಸಿನ ಕಾಲದುದ್ದಕ್ಕೂ ಮುಚ್ಚಿಯೇ ಇಡುತ್ತಾರೆ. ಪೀಠದ ಮೇಲೆ ಮಗುವನ್ನು ಎತ್ತಿಕೊಂಡ ಮೇರಿಯ ಚಿತ್ರವಿಡುವುದು ಅವರ ಪದ್ಧತಿ. ಪೂಜೆಯ ಭಾಷೆ ಗ್ರಬಾರ್ ಎಂಬ ಹಳೆಯ ಅರ್ಮೇನಿಯನ್. ಪ್ರಸಾದದ ರೊಟ್ಟಿ ಹುಳಿ ಬರಿಸದ್ದು, ದ್ರಾಕ್ಷಾರಸಕ್ಕೆ ನೀರು ಬೆರೆಸುವುದಿಲ್ಲ. ಇವೆರಡೂ ಸೇರಿದ ಪದ್ಧತಿ ಪೂರ್ವದ ಬೇರೆ ಆರ್ಥೊಡಾಕ್ಸ್ ಚರ್ಚುಗಳಲ್ಲಿ ಕಾಣದು.

ಇವರು ಯಾವ ಪಂಥದವರು ಎಂಬುದಕ್ಕೆ ಕ್ಯಾಥೊಲಿಕ್, ಪ್ರಾಟೆಸ್ಟೆಂಟ್ ಎಂಬ ನಮ್ಮ ರೂಢಿಯ ವಿಂಗಡಣೆ ಸಾಲದು. ಸಂಪ್ರದಾಯದ ಪ್ರಕಾರ ಅರ್ಮೇನಿಯಾದ ದೊರೆ ತ್ರಿದಾತ್ 301ರಲ್ಲಿ ಕ್ರೈಸ್ತ ಧರ್ಮವನ್ನು ರಾಜಧರ್ಮ ಮಾಡಿದ. ಅವನನ್ನು ಒಲಿಸಿದ ಸಂತ ಗ್ರಿಗರಿಯನ್ನು ಅದಕ್ಕೂ ಮುಂಚೆ ಅದೇ ದೊರೆ ವರ್ಷಗಟ್ಟಲೆ ನೆಲದಡಿಯ ಹಳ್ಳದಲ್ಲಿ ಕೂಡಿಹಾಕಿದ್ದ ಎನ್ನುತ್ತದೆ ಕಥೆ. ಕವಲು ಒಡೆದದ್ದು ಆಮೇಲೆ. 451ರಲ್ಲಿ ಚಾಲ್ಸಿಡನ್ ಎಂಬಲ್ಲಿ ನಡೆದ ಧರ್ಮಸಭೆ, ಕ್ರಿಸ್ತನಲ್ಲಿ ದೈವ ಮತ್ತು ಮಾನವ ಎಂಬ ಎರಡು ಸ್ವಭಾವಗಳು ಬೆರೆಯದೆ, ಬೇರ್ಪಡದೆ ಇವೆ ಎಂದು ತೀರ್ಮಾನಿಸಿತು. ರೋಮ್ ಮತ್ತು ಗ್ರೀಕ್ ಚರ್ಚುಗಳು ಒಪ್ಪಿದವು. ಅರ್ಮೇನಿಯನ್ನರು ಸಭೆಗೆ ಹೋಗಲಿಲ್ಲ. ಅದೇ ವರ್ಷ ಅವರು ವರ್ದಾನ್ ಮಾಮಿಕೋನಿಯನ್ ನಾಯಕತ್ವದಲ್ಲಿ ಪರ್ಷಿಯನ್ನರ ಎದುರು ಅವರಾಯರ್ ಮೈದಾನದಲ್ಲಿ ತಮ್ಮ ಧರ್ಮ ಉಳಿಸಿಕೊಳ್ಳಲು ಕಾದುತ್ತಿದ್ದರು. ಮುಂದೆ 506ರಲ್ಲಿ ದ್ವಿನ್ ಎಂಬಲ್ಲಿ ತಮ್ಮದೇ ಸಭೆ ಸೇರಿ, ದೈವವೂ ಮಾನವವೂ ಸೇರಿ ಒಂದಾದ ಒಂದೇ ಸ್ವಭಾವ ಎಂಬ ಹಳೆಯ ನಂಬಿಕೆಗೇ ಅಂಟಿಕೊಂಡರು. ವ್ಯತ್ಯಾಸ ಕೂದಲೆಳೆಯಷ್ಟು ಎನಿಸಬಹುದು. ಆದರೆ ಅದರ ಫಲವಾಗಿ ಅವರು ರೋಮಿನ ಪೋಪರಿಗೂ ಸೇರಲಿಲ್ಲ, ಗ್ರೀಕರ ಚಕ್ರವರ್ತಿಗೂ ಸೇರಲಿಲ್ಲ. ರಾಜ್ಯ ಹೋದಾಗಲೂ ಚರ್ಚು ಅವರದಾಗಿಯೇ ಉಳಿಯಿತು.

ಇದೇ ಕುಟುಂಬದ ಚರ್ಚುಗಳು ಈಜಿಪ್ಟ್, ಇಥಿಯೋಪಿಯಾ, ಸಿರಿಯಾಗಳಲ್ಲಿವೆ. ಕೇರಳದ ಮಲಂಕರ ಆರ್ಥೊಡಾಕ್ಸರು ಮತ್ತು ಯಾಕೋಬಾಯರು ಕೂಡ ಇದೇ ಕುಟುಂಬದವರು. ಹೀಗಾಗಿ ಬೆಂಗಳೂರಿನ ಮಲಯಾಳಿ ಆರ್ಥೊಡಾಕ್ಸ್ ಚರ್ಚುಗಳೂ, ಉಡುಪಿ ಜಿಲ್ಲೆಯ ಬ್ರಹ್ಮಾವರದ ಕೊಂಕಣಿ ಮಾತಾಡುವ ಆರ್ಥೊಡಾಕ್ಸ್ ಕ್ರೈಸ್ತರೂ ನಂಬಿಕೆಯ ವಿಷಯದಲ್ಲಿ ಈ ಚರ್ಚಿಗೆ ದಾಯಾದಿಗಳೇ. ಅರ್ಮೇನಿಯನ್ ಚರ್ಚಿನ ಪರಮಗುರು ಅರ್ಮೇನಿಯಾದ ಎಚ್ಮಿಯಾಜಿನ್‌ನಲ್ಲಿರುವ ಕ್ಯಾಥೊಲಿಕೋಸ್. ಮಲಂಕರದವರೂ ತಮ್ಮ ಮುಖ್ಯಸ್ಥರಿಗೆ ಅದೇ ಬಿರುದನ್ನು ಬಳಸುತ್ತಾರೆ.

ಅಂಗಳದ ಕಲ್ಲುಗಳಿಗೆ ಬರೋಣ. ಈ ಆವರಣದಲ್ಲಿ ಸುಮಾರು 350 ಅರ್ಮೇನಿಯನ್ನರ ಸಮಾಧಿಗಳಿವೆ. ಹೆಚ್ಚಿನವು ನೆಲಕ್ಕೆ ಹಾಸಿದ ಚಪ್ಪಡಿಗಳು. ಕಾಲಿಡಲು ಹಿಂಜರಿಕೆಯಾಗುವುದು ಸಹಜ. ಪಕ್ಕದಲ್ಲಿ ಜಾಗವಿದ್ದಲ್ಲಿ ಸುತ್ತಿಕೊಂಡು ಹೋಗಿ, ಇಲ್ಲದಲ್ಲಿ ಮೆಲ್ಲಗೆ ದಾಟಿ. ಇವುಗಳ ಅಕ್ಷರಗಳನ್ನು 405ರ ಸುಮಾರಿಗೆ ಮೆಸ್ರೋಪ್ ಮಾಶ್ತೋತ್ಸ್ ಎಂಬ ಸನ್ಯಾಸಿ ರೂಪಿಸಿದ. ಆಗ ಇದ್ದದ್ದು 36 ಅಕ್ಷರ, ಮಧ್ಯಯುಗದಲ್ಲಿ ಎರಡು ಸೇರಿ 38 ಆದವು. ಭಾಷೆ ತಿಳಿಯದವರೂ ಈ ಕಲ್ಲುಗಳಿಂದ ಒಂದು ಸಂಗತಿಯನ್ನು ಬಿಡಿಸಿಕೊಳ್ಳಬಹುದು: ಇಸವಿ. ಅರ್ಮೇನಿಯನ್ನರು ಅಂಕಿಗಳನ್ನೂ ಅಕ್ಷರಗಳಲ್ಲೇ ಬರೆಯುತ್ತಿದ್ದರು. 36 ಅಕ್ಷರಗಳನ್ನು ಒಂಬತ್ತೊಂಬತ್ತರ ನಾಲ್ಕು ಸಾಲು ಮಾಡಿ. ಮೊದಲ ಸಾಲು 1ರಿಂದ 9, ಎರಡನೆಯದು 10ರಿಂದ 90, ಮೂರನೆಯದು 100ರಿಂದ 900, ನಾಲ್ಕನೆಯದು ಸಾವಿರಗಳು. ನಮ್ಮ ಕಟಪಯಾದಿಯಲ್ಲಿ ಸಂಖ್ಯೆಯನ್ನು ಪದದೊಳಗೆ ಅಡಗಿಸುತ್ತಾರೆ, ಇಲ್ಲಿ ಅಡಗಿಸುವ ಉದ್ದೇಶವಿಲ್ಲ, ಪ್ರತಿ ಅಕ್ಷರದ ಬೆಲೆಯನ್ನು ಕೂಡಿಸುತ್ತ ಹೋದರಾಯಿತು. ಬಂದ ಮೊತ್ತ ಅರ್ಮೇನಿಯನ್ ಶಕೆಯದು. ಅದಕ್ಕೆ 551 ಸೇರಿಸಿದರೆ ಇಸವಿ ಸಿಗುತ್ತದೆ; ಶಾಸನ ಓದುವವರು ಶಾಲಿವಾಹನ ಶಕೆಗೆ 78 ಸೇರಿಸುವ ಹಾಗೆ. ಉದಾಹರಣೆಗೆ ರಾ, ಮೆನ್, ಇನಿ, ಅಯಿಬ್ ಎಂಬ ನಾಲ್ಕು ಅಕ್ಷರಗಳು: 1000, 200, 20, 1. ಮೊತ್ತ 1221. ಅದಕ್ಕೆ 551 ಸೇರಿದರೆ 1772, ಈ ಚರ್ಚು ಎದ್ದ ವರ್ಷ. ವರ್ಷಾರಂಭದ ದಿನ ಬೇರೆಯಾದ್ದರಿಂದ ಒಂದು ವರ್ಷ ಆಚೀಚೆ ಆಗಬಹುದು. ಜುಲ್ಫಾದ ವ್ಯಾಪಾರಿಗಳು ಕಾಗದಪತ್ರ, ಲೆಕ್ಕಗಳಲ್ಲಿ ಇನ್ನೊಂದು ಸಣ್ಣ ಶಕೆಯನ್ನೂ ಬಳಸುತ್ತಿದ್ದರು. ಅದು 1616ರಿಂದ ಶುರುವಾಗುವುದರಿಂದ 1615 ಸೇರಿಸಬೇಕು. ಮೊಬೈಲಿನಲ್ಲಿ ಅರ್ಮೇನಿಯನ್ ಅಕ್ಷರಮಾಲೆಯ ಒಂದು ಚಿತ್ರ ಇಟ್ಟುಕೊಂಡು ಹೋಗಿ. ಒಂದು ಕಲ್ಲಿನ ವರ್ಷವನ್ನು ನೀವೇ ಬಿಡಿಸಿದರೆ ಉಳಿದ ಕಲ್ಲುಗಳು ಬರೀ ಅಲಂಕಾರವಾಗಿ ಉಳಿಯುವುದಿಲ್ಲ.

ಈ ಕಲ್ಲುಗಳಲ್ಲಿ ತಪ್ಪದೆ ಹುಡುಕಬೇಕಾದದ್ದು ಪಾದ್ರಿ ಹರುತ್ಯುನ್ ಶ್ಮಾವೋನಿಯನ್ ಅವರ ಸಮಾಧಿ. 1750ರಲ್ಲಿ ಶೀರಾಜಿನಲ್ಲಿ ಹುಟ್ಟಿ, ಮದ್ರಾಸಿನಲ್ಲಿ ಪಾದ್ರಿಯಾಗಿ ಬಾಳಿ, 1824ರಲ್ಲಿ ಇಲ್ಲೇ ತೀರಿಕೊಂಡರು. 1794ರ ಅಕ್ಟೋಬರಿನಲ್ಲಿ ಅವರು 'ಅಜ್ದರಾರ್' ಎಂಬ ಮಾಸಪತ್ರಿಕೆ ಹೊರಡಿಸಿದರು. ಜಗತ್ತಿನ ಮೊಟ್ಟಮೊದಲ ಅರ್ಮೇನಿಯನ್ ಪತ್ರಿಕೆ ಅದು. ಯೆರೆವಾನಿನಲ್ಲಲ್ಲ, ಇಸ್ತಾಂಬುಲಿನಲ್ಲಲ್ಲ, ವೆನಿಸ್ಸಿನಲ್ಲಲ್ಲ, ಮದ್ರಾಸಿನಲ್ಲಿ ಅಚ್ಚಾಯಿತು. ಊರಿನ ಮೊದಲ ಇಂಗ್ಲಿಷ್ ಪತ್ರಿಕೆ 'ಮದ್ರಾಸ್ ಕೊರಿಯರ್' ಶುರುವಾಗಿ ಆಗಿನ್ನೂ ಒಂಬತ್ತು ವರ್ಷ. ನಮ್ಮ 'ಮಂಗಳೂರ ಸಮಾಚಾರ' ಬರಲು ಇನ್ನೂ 49 ವರ್ಷ ಬಾಕಿಯಿತ್ತು. ಹಡಗುಗಳ ಸುದ್ದಿ, ಸರಕಿನ ಬೆಲೆ, ದೂರದೂರದ ಅರ್ಮೇನಿಯನ್ನರ ವರ್ತಮಾನ ಅದರಲ್ಲಿ ಇರುತ್ತಿದ್ದವು. 18 ಸಂಚಿಕೆಗಳಾದ ಮೇಲೆ 1796ರಲ್ಲಿ ನಿಂತಿತು.

ಅಚ್ಚಿನ ಕೆಲಸ ಶುರುವಾದದ್ದು ಇನ್ನೂ ಮೊದಲು, ಶಹಮೀರಿಯನ್ ಮನೆಯಿಂದ. ಶಹಮೀರ್ ಮತ್ತು ಅವನ ಮಗ ಹಾಕೋಬ್ ಸೇರಿ ಮದ್ರಾಸಿನಲ್ಲಿ ಅರ್ಮೇನಿಯನ್ ಮುದ್ರಣಾಲಯ ಹಾಕಿದರು. ಚರ್ಚು ಎದ್ದ ಅದೇ 1772ರಲ್ಲಿ ಅಲ್ಲಿಂದ ಮೊವ್ಸೆಸ್ ಬಘ್ರಾಮಿಯನ್ ಬರೆದ ಒಂದು ಹೊತ್ತಗೆ ಹೊರಬಂತು. ಪರ್ಷಿಯಾ ಮತ್ತು ತುರ್ಕಿಯ ಆಳ್ವಿಕೆಯ ಕೆಳಗೆ ಮುದುಡಿಕೊಂಡಿರಬೇಡಿ, ಎದ್ದು ನಿಮ್ಮ ನಾಡನ್ನು ಬಿಡಿಸಿಕೊಳ್ಳಿ ಎಂದು ತರುಣರಿಗೆ ಕರೆ ಕೊಟ್ಟ ಹೊತ್ತಗೆ. ಎಚ್ಮಿಯಾಜಿನ್‌ನಲ್ಲಿದ್ದ ಕ್ಯಾಥೊಲಿಕೋಸ್ ಸಿಮೆಯೋನ್ ಇದನ್ನು ಸಹಿಸಲಿಲ್ಲ, ಸುಡಬೇಕೆಂದರು. ಅವರ ಭಯವನ್ನು ಅರ್ಥ ಮಾಡಿಕೊಳ್ಳಬಹುದು: ಮದ್ರಾಸಿನ ಸಾಹುಕಾರರು ಕಂಪನಿಯ ನೆರಳಿನಲ್ಲಿ ಕ್ಷೇಮವಾಗಿದ್ದರು, ಅತ್ತ ಅರ್ಮೇನಿಯಾದಲ್ಲಿ ಆಳುತ್ತಿದ್ದ ಖಾನ ಸಿಟ್ಟಿಗೆದ್ದು ಅವನ ಕತ್ತಿ ಬೀಳುವುದಿದ್ದರೆ ಅದು ಎಚ್ಮಿಯಾಜಿನ್ನಿನ ಸುತ್ತಲಿನ ರೈತರ ಮೇಲೆ. ಆದರೂ ನನ್ನ ಮನಸ್ಸು ವಾಲುವುದು ಶಹಮೀರಿಯನ್ ಕಡೆಗೆ. ಅವನು ಅಷ್ಟಕ್ಕೇ ನಿಲ್ಲದೆ, ಇನ್ನೂ ಹುಟ್ಟದ ಅರ್ಮೇನಿಯಾಕ್ಕೆ ಒಂದು ಸಂವಿಧಾನವನ್ನೇ ಬರೆಸಿ ಅಚ್ಚು ಹಾಕಿಸಿದ. ಮುಖಪುಟದ ಮೇಲೆ 1773 ಎಂದಿದ್ದರೂ ಅಚ್ಚಾದದ್ದು 1780ರ ದಶಕದ ಕೊನೆಗೆ. 521 ವಿಧಿಗಳು. ಜನ ಆರಿಸಿದ ಸಭೆ ಆಳಬೇಕು, ಆಳುವವನೂ ಕಾನೂನಿನ ಕೆಳಗೇ ಇರಬೇಕು. ದೊರೆಗಳೇ ಆಳುತ್ತಿದ್ದ ಕಾಲದಲ್ಲಿ, ರಾಜ್ಯವೇ ಇಲ್ಲದ ಜನ, ಮದ್ರಾಸಿನಲ್ಲಿ ಕುಳಿತು ಗಣರಾಜ್ಯದ ನಕ್ಷೆ ಬರೆದರು. ನಮ್ಮ ಶಾಲಾಪುಸ್ತಕಗಳಲ್ಲಿ ಇದರ ಒಂದು ಸಾಲಾದರೂ ಇರಬೇಕಿತ್ತು.

ಚರ್ಚಿನ ಪಕ್ಕದಲ್ಲಿ ಪ್ರತ್ಯೇಕವಾಗಿ ನಿಂತಿರುವುದು ಗಂಟೆಗೋಪುರ. ಮೇಲೆ ಆರು ಗಂಟೆಗಳಿವೆ. ಬೇರೆಬೇರೆ ಕಾಲದಲ್ಲಿ ಎರಕ ಹೊಯ್ದವು. ಎರಡರ ಮೇಲೆ ಲಂಡನ್ನಿನ ಥಾಮಸ್ ಮಿಯರ್ಸ್ ಹೆಸರಿದೆ. ವೈಟ್‌ಚಾಪೆಲ್‌ನ ಆ ಪ್ರಸಿದ್ಧ ಎರಕಶಾಲೆ 2017ರಲ್ಲಿ ಬಾಗಿಲು ಹಾಕಿತು. ಗಂಟೆ ಬಾರಿಸುವುದು ಭಾನುವಾರ ಬೆಳಿಗ್ಗೆ, ಚರ್ಚನ್ನು ನೋಡಿಕೊಳ್ಳುವವರ ಕೆಲಸ ಅದು. ಕೇಳಬೇಕೆಂದಿದ್ದರೆ ಆ ಹೊತ್ತಿಗೆ ಹೋಗಿ. ಪಕ್ಕದ ಬೀದಿಗಳ ಸಗಟು ಅಂಗಡಿಗಳೂ ಆಗ ಮುಚ್ಚಿರುವುದರಿಂದ ಜಾರ್ಜ್ ಟೌನಿನಲ್ಲಿ ನಡೆದಾಡುವುದೂ ಸುಲಭ.

ಮದ್ರಾಸಿನ ಅತಿ ಹೆಸರಾಂತ ಅರ್ಮೇನಿಯನ್ ಖೋಜಾ ಪೆತ್ರುಸ್ ಉಸ್ಕಾನ್ ಮಾತ್ರ ಇಲ್ಲಿ ಮಲಗಿಲ್ಲ. ಅವನು ಕ್ಯಾಥೊಲಿಕ್ ಪಂಥದ ಕಡೆಗೆ ಒಲಿದವನು. ಎಲ್ಲ ಅರ್ಮೇನಿಯನ್ನರೂ ಒಂದೇ ಚರ್ಚಿನವರಾಗಿರಲಿಲ್ಲ. 1751ರಲ್ಲಿ ತೀರಿಕೊಂಡಾಗ ವೇಪೇರಿಯಲ್ಲಿ ತಾನೇ ಕಟ್ಟಿಸಿದ ಪ್ರಾರ್ಥನಾಮಂದಿರದಲ್ಲಿ ಮಣ್ಣಾದ. ಅಡ್ಯಾರ್ ನದಿಗೆ ಸೈದಾಪೇಟೆಯಲ್ಲಿ 1726ರಲ್ಲಿ ಸ್ವಂತ ಹಣದಿಂದ ಸೇತುವೆ ಕಟ್ಟಿಸಿದವನು, ಸೇಂಟ್ ಥಾಮಸ್ ಬೆಟ್ಟಕ್ಕೆ ಮೆಟ್ಟಿಲು ಹಾಕಿಸಿದವನು ಅವನೇ. ಹಳೆಯ ಸೇತುವೆ ಈಗಿಲ್ಲ, 1966ರಲ್ಲಿ ಆ ಜಾಗದಲ್ಲಿ ಮರೈಮಲೈ ಅಡಿಗಳ್ ಸೇತುವೆ ಬಂತು. ಆದರೆ ಉಸ್ಕಾನನ ಶಿಲಾಫಲಕ ಅಲ್ಲೇ ಉಳಿದಿದೆ. ಬೆಟ್ಟದ ಮೆಟ್ಟಿಲನ್ನು ಇಂದಿಗೂ ಹತ್ತಬಹುದು.

ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷರ ಕೈ ಮೇಲಾಗಿ, ಮದ್ರಾಸಿನ ಅರ್ಮೇನಿಯನ್ನರು ಕರಗುತ್ತ ಹೋದರು. ಕಲ್ಕತ್ತ, ಜಾವಾ, ಸಿಂಗಾಪುರ ಅವರ ಹೊಸ ನೆಲೆಗಳಾದವು. ಸಿಂಗಾಪುರದ ರಾಫಲ್ಸ್ ಹೋಟೆಲನ್ನು 1887ರಲ್ಲಿ ಶುರು ಮಾಡಿದ ಸಾರ್ಕೀಸ್ ಸೋದರರು ಹೊಸ ಜುಲ್ಫಾದವರೇ. ಸ್ವಾತಂತ್ರ್ಯದ ನಂತರ ಉಳಿದವರಲ್ಲಿ ಬಹಳ ಮಂದಿ ಆಸ್ಟ್ರೇಲಿಯಾ ಸೇರಿದರು. ಮೈಸೂರಿನವರಿಗೆ ಇಲ್ಲೊಂದು ಎಳೆ ಸಿಗುತ್ತದೆ: ಭಾರತದ ಮೊದಲ ಗ್ರಾಮಫೋನ್ ತಾರೆ ಗೌಹರ್ ಜಾನ್ ಅವರ ತಂದೆ ಅರ್ಮೇನಿಯನ್ ಮೂಲದವರು. ಕಲ್ಕತ್ತದಲ್ಲಿ ಮೆರೆದ ಆಕೆ ಕೊನೆಗೆ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲೇ ಕಣ್ಣು ಮುಚ್ಚಿದರು.

ಬೆಂಗಳೂರಿನಿಂದ ರೈಲಿನಲ್ಲಿ ಹೋಗುವವರು ಸೆಂಟ್ರಲ್‌ನಲ್ಲಿ ಇಳಿದು ಮೆಟ್ರೋ ಹಿಡಿದರೆ ಹೈಕೋರ್ಟ್ ಮುಂದಿನ ನಿಲ್ದಾಣ. ಅಲ್ಲಿಂದ ಅರ್ಮೇನಿಯನ್ ಬೀದಿಗೆ ನಡೆಯಬಹುದು. ಬೆಳಗಿನ ಹೊತ್ತು ಒಳ್ಳೆಯದು. ಫೋಟೊ ತೆಗೆಯುವ ಮುನ್ನ ಅಲ್ಲಿರುವವರನ್ನು ಒಂದು ಮಾತು ಕೇಳಿ. ಅರ್ಮೇನಿಯನ್ ಪೂಜೆಯನ್ನೇ ಕಣ್ಣಾರೆ ನೋಡಬೇಕೆಂಬವರಿಗೆ ಚೆನ್ನೈ ಸಾಲದು, ಕೋಲ್ಕತ್ತಕ್ಕೆ ಹೋಗಬೇಕು. ಅಲ್ಲಿ ಬಡಾಬಜಾರಿನ ಹತ್ತಿರದ ಅರ್ಮೇನಿಯನ್ ಬೀದಿಯಲ್ಲಿ 1724ರ ನಜರೆತ್ ಚರ್ಚಿದೆ, 1821ರಲ್ಲಿ ಶುರುವಾದ ಅರ್ಮೇನಿಯನ್ ಕಾಲೇಜಿದೆ, ಸಣ್ಣದಾದರೂ ಜೀವಂತ ಸಮುದಾಯವಿದೆ. ಅವರ ಕ್ರಿಸ್ಮಸ್ ಡಿಸೆಂಬರ್ 25ರಂದಲ್ಲ. ಕ್ರಿಸ್ತನ ಜನನ ಮತ್ತು ದೀಕ್ಷಾಸ್ನಾನ ಎರಡನ್ನೂ ಅವರು ಹಳೆಯ ರೂಢಿಯಂತೆ ಒಟ್ಟಿಗೆ, ಜನವರಿ 6ರಂದು ಆಚರಿಸುತ್ತಾರೆ.